ಡಿಗ್ರಿ ಓದುತ್ತಲೇ ಲಾ ಕಾಲೇಜಿಗೆ ತಯಾರಿ

ಕೇಳುಗರಿಗೆ ನಮಸ್ಕಾರ.

ಬಿ.ಎ., ಬಿ.ಕಾಂ., ಬಿ.ಎಸ್ಸಿ., ಏನನ್ನೇ ಓದುತ್ತಿರಿ, ಮುಗಿಸಿ ಲಾ ಸೇರಬೇಕು ಎಂಬ ಯೋಚನೆ ಇದ್ದರೆ ಇವತ್ತಿನ ಮಾತು ನಿಮಗೆ. ಪಿಯುಸಿ ಆದ ಮೇಲೆ ಸೇರುವ ಐದು ವರ್ಷದ ಕೋರ್ಸಿನ ದಾರಿಯೇ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ಡಿಗ್ರಿಯ ನಂತರದ ಮೂರು ವರ್ಷದ, ಆರು ಸೆಮಿಸ್ಟರಿನ ಎಲ್‌ಎಲ್.ಬಿ. ವಿಚಾರ ಮಾತ್ರ ನೋಡೋಣ. ಫಲಿತಾಂಶ ಬರಲಿ, ಆಮೇಲೆ ನೋಡಿದರಾಯಿತು ಎಂದು ಕೂತವರಿಗೆ ಎಷ್ಟೋ ಸಲ ಸೀಟು ತಪ್ಪುವುದು ಅಂಕ ಸಾಲದೆ ಅಲ್ಲ, ಕಾಗದ ಸಾಲದೆ. ಹಾಗಾಗಿ ಡಿಗ್ರಿಯ ಎರಡನೇ ವರ್ಷದಲ್ಲೇ ಇದಕ್ಕೆ ಕೈ ಹಾಕಿ.

ಮೊದಲು ಅರ್ಹತೆ. ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಅಂಕ ಬೇಕು. ಇದು ಅರ್ಜಿ ಹಾಕಲು ಬೇಕಾದ ಗೆರೆಯಷ್ಟೇ, ದಾಟಿದ ಮಾತ್ರಕ್ಕೆ ಸೀಟು ಸಿಗುತ್ತದೆ ಎಂದಲ್ಲ. 44.6 ಬಂದಿದ್ದರೆ ಅದನ್ನು 45 ಎಂದು ಹಿಡಿಯುತ್ತಾರೆ ಎಂಬ ಭರವಸೆಯಲ್ಲಂತೂ ಇರಬೇಡಿ. ನಾಲ್ಕನೇ ಸೆಮಿಸ್ಟರ್ ಮುಗಿದಾಗ ಒಟ್ಟು ಎಷ್ಟಾಗಿದೆ ಎಂದು ಒಮ್ಮೆ ಕೂಡಿಸಿ ನೋಡಿ. ಗೆರೆಯ ಹತ್ತಿರ ಇದ್ದರೆ ಉಳಿದ ಎರಡು ಸೆಮಿಸ್ಟರಿನಲ್ಲಿ ಎಷ್ಟು ತೆಗೆಯಬೇಕು ಎಂಬ ಲೆಕ್ಕ ಆಗಲೇ ಕೈಯಲ್ಲಿರುತ್ತದೆ.

ಗ್ರೇಡ್ ಪದ್ಧತಿಯಲ್ಲಿ ಓದಿದವರಿಗೆ ಇಲ್ಲೊಂದು ತೊಡಕಿದೆ. ಅಂಕಪಟ್ಟಿಯಲ್ಲಿ ಸಿಜಿಪಿಎ ಇರುತ್ತದೆ, ಲಾ ಕಾಲೇಜು ಕೇಳುವುದು ಶೇಕಡಾವಾರು. 6.2 ಇದ್ದರೆ ಹತ್ತರಿಂದ ಗುಣಿಸಿ 62 ಎಂದು ನೀವೇ ಬರೆದುಕೊಂಡರೆ ನಡೆಯುವುದಿಲ್ಲ. ಪರಿವರ್ತನೆಯ ಸೂತ್ರ ನಿಮ್ಮ ವಿಶ್ವವಿದ್ಯಾಲಯದ್ದೇ ಆಗಿರಬೇಕು. ಕೆಲವರು ಅದನ್ನು ಅಂಕಪಟ್ಟಿಯ ಹಿಂಬದಿಯಲ್ಲೇ ಮುದ್ರಿಸುತ್ತಾರೆ. ಇಲ್ಲದಿದ್ದರೆ ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಅರ್ಜಿ ಕೊಟ್ಟು ಪರಿವರ್ತನಾ ಪತ್ರ ಪಡೆಯಿರಿ.

ಮುಕ್ತ ವಿಶ್ವವಿದ್ಯಾಲಯದ ಪದವಿ ನಡೆಯುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿದ್ದರೆ ನಡೆಯುತ್ತದೆ. ಪಿಯುಸಿಯೇ ಇಲ್ಲದೆ ನೇರವಾಗಿ ಡಿಗ್ರಿಗೆ ಸೇರಿ ಪಡೆದ ಪದವಿಯನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪುವುದಿಲ್ಲ.

ಇನ್ನು ಎಲ್ಲಿ ಸೇರುವುದು? ಕರ್ನಾಟಕದ ಬಹುಪಾಲು ಲಾ ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಬೆಳಗಾವಿಯ ರಾಜಾ ಲಖಮಗೌಡ, ಮೈಸೂರಿನ ಶಾರದಾ ವಿಲಾಸ, ಉಡುಪಿಯ ವೈಕುಂಠ ಬಾಳಿಗಾ, ಹೀಗೆ ಹಳೆಯ ಹೆಸರುಗಳೂ ಇವೆ, ಊರೂರಿನ ಹೊಸ ಕಾಲೇಜುಗಳೂ ಇವೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಡಿಗ್ರಿ ಅಂಕ ಮತ್ತು ಮೀಸಲಾತಿಯ ಮೇಲೆ ಸೀಟು ಕೊಡುತ್ತಾರೆ. ಎರಡು ಮೂರು ಕಡೆ ಅರ್ಜಿ ಹಾಕಿಡುವುದು ಜಾಣತನ.

ಸೇರುವ ಮೊದಲು ಆ ಕಾಲೇಜಿಗೆ ಬಾರ್ ಕೌನ್ಸಿಲ್ ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಮಾನ್ಯತೆ ಇಲ್ಲದ ಕಡೆ ಓದಿದರೆ ಮೂರು ವರ್ಷ ಕಳೆದ ಮೇಲೆ ವಕೀಲರಾಗಿ ನೋಂದಾಯಿಸಿಕೊಳ್ಳುವಾಗ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ತೀರ್ಪುಗಳನ್ನು ಅಚ್ಚು ಹಾಕುವ ಕಾನೂನು ವರದಿಗಳ ಸಂಪುಟ ಬರುತ್ತಿದೆಯೇ, ವಾದ ಮಾಡುವ ಅಭ್ಯಾಸಕ್ಕೆಂದು ನಡೆಸುವ ಅಣಕು ನ್ಯಾಯಾಲಯ ನಿಜವಾಗಿ ನಡೆಯುತ್ತದೆಯೇ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ವಿಚಾರಿಸಿ. ಕನ್ನಡದಲ್ಲಿ ಪರೀಕ್ಷೆ ಬರೆಯುವ ಆಸೆ ಇದ್ದರೆ ಕನ್ನಡದಲ್ಲಿ ಪಾಠವೂ ನಡೆಯುತ್ತದೆಯೇ ಎಂದು ತಿಳಿದುಕೊಳ್ಳಿ. ಉತ್ತರ ಬರೆಯಲು ಅವಕಾಶ ಇರುವುದು ಬೇರೆ, ಕಲಿಸುವವರು ಇರುವುದು ಬೇರೆ.

"ಕಾಲೇಜಿಗೆ ಬರದಿದ್ದರೂ ಪರವಾಗಿಲ್ಲ, ನಾವು ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಆ ಕಾಲೇಜನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಬಾರ್ ಕೌನ್ಸಿಲ್ ನಿಯಮದಲ್ಲಿ ವಾರಕ್ಕೆ 30 ಗಂಟೆಯ ತರಗತಿ ಮತ್ತು ಪ್ರತಿ ವಿಷಯಕ್ಕೆ ಶೇಕಡಾ 70 ಹಾಜರಿ ಇದೆ. ತರಗತಿ ನಡೆಯಬೇಕಾದ್ದು ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ. ಎಲ್‌ಎಲ್.ಬಿ. ಜೊತೆಗೆ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವುದನ್ನೂ ಆ ನಿಯಮಗಳು ಒಪ್ಪುವುದಿಲ್ಲ. ಕೆಲಸ ಮಾಡುತ್ತಲೇ ಓದಬೇಕೆನ್ನುವವರು ಈ ಲೆಕ್ಕವನ್ನು ಮನೆಯಲ್ಲಿ ಕೂತು ಮೊದಲೇ ಹಾಕಿಕೊಳ್ಳಲಿ.

ಈಗ ಕಾಗದಪತ್ರ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್, ಟಿ.ಸಿ., ಆಧಾರ್, ಫೋಟೋ, ಇವು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಮೈಗ್ರೇಷನ್ ಸರ್ಟಿಫಿಕೇಟ್. ನಿಮ್ಮ ಡಿಗ್ರಿ ಮೈಸೂರು, ಮಂಗಳೂರು, ಧಾರವಾಡ, ಯಾವ ವಿಶ್ವವಿದ್ಯಾಲಯದ್ದಾದರೂ ಕಾನೂನು ವಿಶ್ವವಿದ್ಯಾಲಯ ಬೇರೆಯೇ ಆಗಿರುವುದರಿಂದ ಅದು ಬೇಕಾಗುತ್ತದೆ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ. ಗ್ರಂಥಾಲಯದ ಪುಸ್ತಕ, ಹಾಸ್ಟೆಲ್ ಬಾಕಿ ತೀರಿಸದೆ ಟಿ.ಸಿ. ಸಿಗದು, ಅದನ್ನು ಪರೀಕ್ಷೆಯ ಕೊನೆಯ ದಿನವೇ ಮುಗಿಸಿ.

ಮೀಸಲಾತಿ ಕೇಳುವವರು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ದಿನಾಂಕ ನೋಡಿಕೊಳ್ಳಿ, ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಅರ್ಜಿಯಲ್ಲಿ ಬರೆದದ್ದು ಪ್ರಮಾಣಪತ್ರದಲ್ಲಿ ಇರುವುದಕ್ಕೆ ತಾಳೆಯಾಗಲೇಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು, ಅಂದರೆ ಕಲ್ಯಾಣ ಕರ್ನಾಟಕದವರು, ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಬೇಕಾದ ಅರ್ಹತಾ ಪತ್ರವನ್ನೂ ಇಟ್ಟುಕೊಂಡಿರಲಿ.

ಇನ್ನೊಂದು ಸಣ್ಣ ವಿಷಯ ದೊಡ್ಡ ತಲೆನೋವಾಗುತ್ತದೆ, ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಮಂಜುನಾಥ ಎಚ್., ಡಿಗ್ರಿಯಲ್ಲಿ ಎಚ್. ಮಂಜುನಾಥ್, ಆಧಾರಿನಲ್ಲಿ ಮಂಜುನಾಥ ಹನುಮಂತಪ್ಪ. ಮೂವರೂ ಒಬ್ಬನೇ ಎಂದು ನಿಮಗೆ ಗೊತ್ತು, ದಾಖಲೆ ಪರಿಶೀಲಿಸುವವರಿಗೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿಯ ಹೆಸರನ್ನೇ ಆಧಾರವಾಗಿಟ್ಟು ಉಳಿದವನ್ನು ತಿದ್ದಿಸಿ. ಆಧಾರ್ ತಿದ್ದುವುದು ಸುಲಭ. ಡಿಗ್ರಿ ಅಂಕಪಟ್ಟಿಯನ್ನು ಓದುತ್ತಿರುವಾಗಲೇ ಕಾಲೇಜಿನ ಮೂಲಕ ಸರಿಪಡಿಸಿಕೊಂಡರೆ ಅಲೆದಾಟ ಕಡಿಮೆ.

ಪ್ರವೇಶ ಪರೀಕ್ಷೆಯ ದಾರಿಯೂ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಮೂರು ವರ್ಷದ ಎಲ್‌ಎಲ್.ಬಿ. ಆನರ್ಸ್ ಆರಂಭಿಸಿತು. ಅದರ ಪರೀಕ್ಷೆಯ ಹೆಸರು ಎನ್‌ಎಲ್‌ಸ್ಯಾಟ್. ಇದುವರೆಗಿನ ಮಾದರಿಯಲ್ಲಿ 150 ನಿಮಿಷ, 150 ಅಂಕ. ಅರ್ಧ, ಅಂದರೆ 75 ಅಂಕ, ಬಹು ಆಯ್ಕೆಯ ಪ್ರಶ್ನೆಗಳಿಗೆ, ಉಳಿದ 75 ಬರೆದು ಉತ್ತರಿಸುವುದಕ್ಕೆ. ಮೊದಲ ಭಾಗದಲ್ಲಿ ಮೇಲಿನ ಸಾಲಿಗೆ ಬಂದವರ ಬರವಣಿಗೆಯನ್ನು ಮಾತ್ರ ಮೌಲ್ಯಮಾಪನ ಮಾಡುತ್ತಾರೆ, ಆದ್ದರಿಂದ ಚೆನ್ನಾಗಿ ಬರೆಯಬಲ್ಲವರೂ ಮೊದಲರ್ಧವನ್ನು ಹಗುರವಾಗಿ ಕಾಣುವಂತಿಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಕಾನೂನು ನಿಕಾಯಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆತ. ಎನ್‌ಎಲ್‌ಸ್ಯಾಟ್‌ನಲ್ಲಿ ಸರಿಗೆ 1, ತಪ್ಪಿಗೆ ಕಾಲು ಅಂಕ ಕಳೆತ. ಅನುಪಾತ ಎರಡರಲ್ಲೂ ಒಂದೇ, ನಾಲ್ಕು ತಪ್ಪು ಒಂದು ಸರಿಯನ್ನು ನುಂಗುತ್ತದೆ. ನಾಲ್ಕು ಆಯ್ಕೆಯಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಬಲ್ಲಿರಾದರೆ ಉಳಿದ ಎರಡರಲ್ಲೊಂದನ್ನು ಗುರುತಿಸುವುದು ಲಾಭವೇ. ಈ ಪರೀಕ್ಷೆಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುತ್ತವೆ, ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಜೂನ್‌ನಲ್ಲಿ ಎಚ್ಚೆತ್ತರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಕಾನೂನು ತರ್ಕದ ಪ್ರಶ್ನೆ ಹೇಗಿರುತ್ತದೆ, ಒಂದನ್ನು ಬಿಡಿಸೋಣ. ನಿಯಮ: 18 ತುಂಬದವರು ಮಾಡಿಕೊಂಡ ಕರಾರು ಅಸಿಂಧು. ಸಂಗತಿ: 17ರ ಹುಡುಗ ತನಗೆ 19 ಎಂದು ಸುಳ್ಳು ಹೇಳಿ, ತನ್ನ ಲ್ಯಾಪ್‌ಟಾಪನ್ನು 40,000ಕ್ಕೆ ಕೊಡುವುದಾಗಿ ಬರೆದುಕೊಟ್ಟು, 5,000 ಮುಂಗಡ ಪಡೆದು, ಆಮೇಲೆ ಕೊಡುವುದಿಲ್ಲ ಎನ್ನುತ್ತಾನೆ. ಕೊಳ್ಳುವವನು ಕರಾರನ್ನು ಜಾರಿ ಮಾಡಿಸಬಹುದೇ? ಹೊಸಬರು ಎಡವುವುದು "ಸುಳ್ಳು ಹೇಳಿದ್ದಾನಲ್ಲ, ಕೊಡಲೇಬೇಕು" ಎನ್ನುವಲ್ಲಿ. ಕೊಟ್ಟ ನಿಯಮದಲ್ಲಿ ಸುಳ್ಳಿನ ಮಾತೇ ಇಲ್ಲ. ವಯಸ್ಸು 17, ಕರಾರು ಅಸಿಂಧು, ಜಾರಿ ಸಾಧ್ಯವಿಲ್ಲ. ಮುಂಗಡ ಹಣ ವಾಪಸಾಗಬೇಕೇ ಎಂಬುದು ಬೇರೆ ಪ್ರಶ್ನೆ, ಇಲ್ಲಿ ಕೇಳಿಲ್ಲ. ಬರೆಯುವ ಉತ್ತರವಾದರೆ ಆ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ತೋರಿಸಿದವನಿಗೆ ಅಂಕ ಹೆಚ್ಚು. ಅಪ್ರಾಪ್ತನ ಕರಾರು ಅಸಿಂಧು ಎಂದು ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿತು. ಲಾ ಸೇರಿದ ಮೊದಲ ದಿನಗಳಲ್ಲೇ ಆ ಹೆಸರು ಕಿವಿಗೆ ಬೀಳುತ್ತದೆ.

ಪರೀಕ್ಷೆ ಬರೆಯಲಿ ಬಿಡಲಿ, ಡಿಗ್ರಿಯಲ್ಲಿರುವಾಗ ಓದುವ ಅಭ್ಯಾಸ ಬೇಕೇಬೇಕು. ದುಬಾರಿ ಗೈಡು ಬೇಡ. ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ತಾಣದಲ್ಲಿ ಉಚಿತ, ಅನೇಕ ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ವಾರಕ್ಕೊಂದು ಚಿಕ್ಕ ತೀರ್ಪು ಆರಿಸಿ ಎರಡೂ ಭಾಷೆಯಲ್ಲಿ ಓದಿ, ಸಂಗತಿ ಏನು, ಪ್ರಶ್ನೆ ಏನು, ತೀರ್ಮಾನ ಏನು, ಕಾರಣ ಏನು ಎಂದು ಅರ್ಧ ಪುಟ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಭಯ ಬಿಡಲು ಇದಕ್ಕಿಂತ ಒಳ್ಳೆಯ ಮದ್ದು ಕಾಣೆ. ತಾಲ್ಲೂಕು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂತು ಕಲಾಪ ನೋಡಲು ಸಾಮಾನ್ಯವಾಗಿ ಯಾರ ಅಪ್ಪಣೆಯೂ ಬೇಕಿಲ್ಲ. ಫೋನ್ ಸದ್ದು ಬಂದ್ ಇರಲಿ, ರೆಕಾರ್ಡಿಂಗ್ ಬೇಡವೇ ಬೇಡ.

ಸೀನಿಯರುಗಳ ಹಳೆಯ ಪುಸ್ತಕ ಕೊಳ್ಳುವಾಗ ಮಾತ್ರ ಹುಷಾರು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ ಕಲಂ 302 ಈಗ 103, ವಂಚನೆಯ 420 ಈಗ 318. ದಂಡ ಪ್ರಕ್ರಿಯೆ, ಸಾಕ್ಷ್ಯ ಕಾಯ್ದೆಗಳೂ ಅಂದೇ ಬದಲಾದವು. ಕರಾರು, ಆಸ್ತಿ ವರ್ಗಾವಣೆಯ ಹಳೆಯ ಪುಸ್ತಕಗಳು ಇನ್ನೂ ಕೆಲಸಕ್ಕೆ ಬರುತ್ತವೆ.

ಕೊನೆಗೆ, ಸಿವಿಲ್ ನ್ಯಾಯಾಧೀಶರಾಗುವ ಕನಸಿಟ್ಟುಕೊಂಡವರಿಗೆ ಒಂದು ಮಾತು. ಆ ಹುದ್ದೆಯ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿಕೆ ಬೇಕು ಎಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪಿತ್ತಿದೆ. ಆ ತೀರ್ಪಿನಂತೆ ಅವಧಿಯನ್ನು ವಕೀಲರಾಗಿ ತಾತ್ಕಾಲಿಕ ನೋಂದಣಿ ಆದ ದಿನದಿಂದ ಎಣಿಸುತ್ತಾರೆ. ಹಾಗಾಗಿ ಎಲ್‌ಎಲ್.ಬಿ. ಫಲಿತಾಂಶ ಬಂದ ಮೇಲೆ ನೋಂದಣಿಯನ್ನು ಮುಂದೆ ಹಾಕಬೇಡಿ. ಅದರ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದು ಅದೇ ನ್ಯಾಯಾಲಯ 2024ರ ಜುಲೈನಲ್ಲಿ ಹೇಳಿದೆ.

ನಮಸ್ಕಾರ.