ತೆನೆ ಬಿಡೋ ಹೊತ್ತು ಗೋಧಿಗೆ ಹೇಗೆ ಗೊತ್ತಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಮೊದಲು ಈ ತೆನೆ ನೋಡಿ. ಇದು ಜವೆ ಗೋಧಿ. ಬೆಳಗಾವಿ, ವಿಜಯಪುರದ ಕಡೆ ಕಪ್ಲಿ ಅಂತಲೂ ಕರೀತಾರೆ. ಕೈಯಿಂದ ಕೈಗೆ ದಾಟಿಸಿ, ಅಂಗೈಯಲ್ಲಿಟ್ಟು ಉಜ್ಜಿ ನೋಡಿ. ಚಪಾತಿ ಗೋಧಿಯ ಒಣಗಿದ ತೆನೆಯಾಗಿದ್ದರೆ ಇಷ್ಟೊತ್ತಿಗೆ ಕಾಳು ಉದುರಿರುತ್ತಿತ್ತು. ಇದು ಉದುರುವುದಿಲ್ಲ. ತೆನೆಯೇ ತುಂಡು ತುಂಡಾಗುತ್ತದೆ. ಒಂದೊಂದು ತುಂಡಿನಲ್ಲಿ ಸಾಮಾನ್ಯವಾಗಿ ಎರಡು ಕಾಳು, ಸುತ್ತ ಬಿಗಿಯಾದ ಹೊಟ್ಟು. ಹುಗ್ಗಿ ಮಾಡಬೇಕಾದರೆ ಮೊದಲು ಕುಟ್ಟಲೇಬೇಕು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ‘ಕ್ಯೂ’ ಅನ್ನೋ ಒಂದು ಜೀನ್. ಚಪಾತಿ ಗೋಧಿಯಲ್ಲಿ ಅದು ಬದಲಾಗಿದೆ, ಜವೆಯಲ್ಲಿ ಹಳೆಯದೇ ಇದೆ.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಹೊಟ್ಟಿನ ವಿಷಯ ಅಲ್ಲ, ಹೊತ್ತಿನ ವಿಷಯ. ಗೋಧಿ ಹೊಸ ಊರಿಗೆ ಒಗ್ಗಿಕೊಳ್ಳಬೇಕಾದರೆ ಮೊದಲು ಕಲಿಯಬೇಕಾದದ್ದು ಯಾವಾಗ ತೆನೆ ಬಿಡಬೇಕು ಅನ್ನೋದನ್ನು.

ಗೋಧಿಯ ತವರು ಪಶ್ಚಿಮ ಏಷ್ಯಾ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಕಾಡುಗೋಧಿ ಚಳಿಗೆ ಮುಂಚೆ ಮೊಳೆತು, ಚಳಿಯಲ್ಲಿ ಹುಲ್ಲಿನ ಹಾಗೆ ನೆಲಕ್ಕೆ ಅಂಟಿಕೊಂಡಿದ್ದು, ವಸಂತದಲ್ಲಿ ತೆನೆ ಬಿಡುತ್ತದೆ. ನಡುಚಳಿಯಲ್ಲಿ ಅವಸರ ಮಾಡಿದರೆ ಹಿಮಕ್ಕೆ ಹೂವು ಸತ್ತುಹೋಗುತ್ತದೆ. ಅದಕ್ಕೇ ಗಿಡದೊಳಗೆ ಒಂದು ಬೀಗ ಇದೆ. ವಿಆರ್‌ಎನ್-2 ಅನ್ನೋ ಜೀನ್ ‘ಈಗ ಬೇಡ’ ಅಂತ ತಡೆಯುತ್ತಿರುತ್ತದೆ. ಸೊನ್ನೆಯಿಂದ 10 ಡಿಗ್ರಿ ಒಳಗಿನ ಚಳಿ ಕೆಲವು ವಾರ ತಾಗಿದ ಮೇಲೆ ವಿಆರ್‌ಎನ್-1 ಅನ್ನೋ ಇನ್ನೊಂದು ಜೀನ್ ಎಚ್ಚರವಾಗಿ, ಅದರ ಬಾಯಿ ಮುಚ್ಚಿಸುತ್ತದೆ. ಆಮೇಲೆ ತೆನೆಯ ದಾರಿ ಸುಗಮ.

ಈಗ ಧಾರವಾಡದ ಎರೆ ಹೊಲ ನೆನಪಿಸಿಕೊಳ್ಳಿ. ಹಿಂಗಾರಿಯಲ್ಲಿ ಬಿತ್ತುತ್ತೇವೆ. ಡಿಸೆಂಬರ್ ಬೆಳಗಿನಲ್ಲಿ ಕಂಬಳಿ ಹೊದ್ದು ನಡುಗ್ತೇವೆ, ನಿಜ. ಆದರೆ ಗೋಧಿಯ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ! ಇಂಗ್ಲೆಂಡಿನ ಚಳಿಗಾಲದ ಗೋಧಿ ತಂದು ಇಲ್ಲಿ ಬಿತ್ತಿದರೆ ಹಸಿರಾಗಿ ಹುಲ್ಲು ಬೆಳೆಯುತ್ತದೆ, ದನಕ್ಕೆ ಹಾಕಬಹುದು ಅಷ್ಟೆ.

ಹಾಗಾದರೆ ನಮ್ಮ ಗೋಧಿ ತೆನೆ ಬಿಡೋದು ಹೇಗೆ? ಬೀಗ ಕೆಟ್ಟುಹೋಗಿದೆ! ವಿಆರ್‌ಎನ್-1 ಜೀನಿನಲ್ಲಿ ಒಂದು ಚೂರು ಕಳಚಿಹೋದರೆ ಅದು ಚಳಿಗೆ ಕಾಯುವುದನ್ನೇ ಬಿಡುತ್ತದೆ. ಹಿಮ ಬೀಳುವ ಊರಿನಲ್ಲಿ ಇಂಥ ಗಿಡ ಚಳಿಗೆ ಮುಂಚೆ ಬಿತ್ತಿದರೆ ಉಳಿಯುವುದು ಕಷ್ಟ. ಬಿಸಿಲಿನ ಊರಿನಲ್ಲಿ ಅದೇ ವರ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಕತೆ ನಮ್ಮ ಉಪಖಂಡದ್ದೇ. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲೂ ಸಿಕ್ಕಿರುವ ಗುಂಡು ಕಾಳಿನ ಗೋಧಿಯೊಂದಿದೆ. ಕೊತ್ತಂಬರಿ ಕಾಳಿನ ಹಾಗೆ ದುಂಡಗೆ. ಈ ಗುಂಪಿನ ಗೋಧಿಗಳಲ್ಲಿ ಒಂದು ವಿಚಿತ್ರ ನಡೆದಿದೆ. ಜೀನುಗಳನ್ನು ಹೊತ್ತಿರುವ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. 5ಎ ಕ್ರೋಮೋಸೋಮಿನ ಸುಮಾರು 2,90,000 ಡಿಎನ್‌ಎ ಅಕ್ಷರದಷ್ಟು ಉದ್ದದ ತುಣುಕಿನ ಒಂದು ನಕಲು ಹೋಗಿ 5ಡಿ ಕ್ರೋಮೋಸೋಮಿನಲ್ಲಿ ಸೇರಿಕೊಂಡಿದೆ. ಆ ತುಣುಕಿನಲ್ಲಿ ವಿಆರ್‌ಎನ್-1 ಜೀನೂ ಇದೆ. ಅಂದರೆ ಗಿಡಕ್ಕೆ ಒಂದು ಜೀನ್ ಜಾಸ್ತಿ ಸಿಕ್ಕಿತು, ಅದೂ ಚಳಿಗೆ ಕಾಯದೆ ಕೆಲಸ ಮಾಡುವಂಥದ್ದು. ಇದನ್ನು ವಿಆರ್‌ಎನ್-ಡಿ4 ಅಂತಾರೆ. ದಕ್ಷಿಣ ಏಷ್ಯಾದ ನಾಟಿ ಗೋಧಿಗಳಲ್ಲಿ ಇದು ಹೆಚ್ಚು. ಯಾರೂ ಲ್ಯಾಬಿನಲ್ಲಿ ಮಾಡಿದ್ದಲ್ಲ. ಎಲ್ಲೋ ಒಂದು ಹೊಲದಲ್ಲಿ ಒಂದು ಗಿಡಕ್ಕೆ ಆಯಿತು, ಅದು ಬೇಗ ತೆನೆ ಬಿಟ್ಟಿತು, ಬಿಸಿಲು ಏರುವ ಮುಂಚೆ ಕಾಳು ಕಟ್ಟಿತು. ರೈತ ಅದನ್ನೇ ಮುಂದಿನ ವರ್ಷ ಬಿತ್ತಿದ.

ಚಳಿ ಒಂದೇ ಅಲ್ಲ, ಹಗಲಿನ ಉದ್ದವನ್ನೂ ಗೋಧಿ ಅಳೆಯುತ್ತದೆ. ಹಳೆಯ ಗುಣದ ಗೋಧಿ ಉದ್ದ ಹಗಲು ಬರೋವರೆಗೆ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಡಿಸೆಂಬರಿನ ಹಗಲು 11 ಗಂಟೆ ಚಿಲ್ಲರೆ, ಅಲ್ವಾ? ಉದ್ದ ಹಗಲಿಗೆ ಕಾಯುತ್ತಾ ಕೂತರೆ ನೆಲದ ತೇವ ಆರಿಹೋಗುತ್ತದೆ. ಇಲ್ಲೂ ಬೇಗ ತೆನೆ ತರಿಸುವ ಬದಲಾವಣೆಯೊಂದಿದೆ, ಪಿಪಿಡಿ-ಡಿ1 ಅನ್ನೋ ಜೀನಿನಲ್ಲಿ. ಇಟಲಿಯ ಗೋಧಿ ತಳಿ ವಿಜ್ಞಾನಿ ನಜರೆನೊ ಸ್ಟ್ರಾಂಪೆಲ್ಲಿ 1913ರಲ್ಲಿ ಜಪಾನಿನ ‘ಅಕಕೊಮುಗಿ’ ಅನ್ನೋ ನಾಟಿ ಗೋಧಿಯನ್ನು ತನ್ನ ತಳಿಗಳ ಜೊತೆ ಬೆರೆಸಿದ. ಆತನಿಗೆ ಬೇಕಾಗಿದ್ದದ್ದು ಕುಳ್ಳಗಿನ, ಬೇಗ ಮಾಗುವ ಗಿಡ. ಎರಡೂ ಸಿಕ್ಕವು. ಅದರೊಳಗೆ ಯಾವ ಜೀನ್ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ದಶಕದ ಮೇಲೆ.

ಮಣ್ಣಿನ ವಿಷಯ ಚುಟುಕಾಗಿ ಹೇಳ್ತೇನೆ. ರಾಜಸ್ಥಾನದ ಪಾಲಿ ಕಡೆಯ ‘ಖಾರ್ಚಿಯಾ’ ಅನ್ನೋ ನಾಟಿ ಗೋಧಿ ಉಪ್ಪು ನೆಲದಲ್ಲೂ ಬದುಕುತ್ತದೆ. ಬ್ರೆಜಿಲ್ಲಿನ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರನ್ನು ಸುಡುತ್ತದೆ. ಅಲ್ಲಿಯ ಹಳೆಯ ಗೋಧಿಗಳು ಬೇರಿನ ತುದಿಯಿಂದ ಮ್ಯಾಲೇಟ್ ಅನ್ನೋ ಆಮ್ಲ ಬಿಟ್ಟು ಅದನ್ನು ಕಟ್ಟಿಹಾಕುತ್ತವೆ.

ಒಂದು ಮಾತು ಗಮನಿಸಿ. ನಾಟಿ ತಳಿ ಅಂದರೆ ಒಂದೇ ಅಚ್ಚಿನ ಗಿಡಗಳಲ್ಲ, ಅದೊಂದು ಸಂತೆ. ಒಂದೇ ಹೊಲದಲ್ಲಿ ನಾಲ್ಕು ದಿನ ಮುಂಚೆ ತೆನೆ ಬಿಡೋದೂ ಇರುತ್ತದೆ, ತಡವಾಗಿ ಬಿಡೋದೂ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಮೊದಲಿನದು ಉಳಿಸುತ್ತದೆ, ತೇವ ನಿಂತ ವರ್ಷ ಎರಡನೆಯದು. 1920, 30ರ ದಶಕಗಳಲ್ಲಿ ಕೇಂಬ್ರಿಡ್ಜಿನ ಸಸ್ಯವಿಜ್ಞಾನಿ ಎ. ಇ. ವಾಟ್ಕಿನ್ಸ್ ಇಂಥ ಗೋಧಿಗಳನ್ನು ಬೇರೆ ಬೇರೆ ದೇಶಗಳ ಊರ ಸಂತೆಗಳಿಂದ ತರಿಸಿಟ್ಟ. ಆ ಸಂಗ್ರಹದಲ್ಲಿ ಇವತ್ತಿಗೂ 32 ದೇಶಗಳ 827 ತಳಿಗಳಿವೆ. 2024ರಲ್ಲಿ ಅವುಗಳ ಡಿಎನ್‌ಎ ಪೂರ್ತಿ ಓದಿದಾಗ ಏಳು ಮೂಲ ಗುಂಪುಗಳು ಕಂಡವು. ಈಗಿನ ಗೋಧಿ ತಳಿಗಳು ಹೆಚ್ಚಾಗಿ ಬಂದಿರುವುದು ಅದರಲ್ಲಿ ಎರಡೇ ಗುಂಪಿನಿಂದ. ಉಳಿದ ಐದನ್ನು ನಾವು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ.

ಹಾಗಂತ ನಾಟಿ ಅಂದ ತಕ್ಷಣ ಕೈಮುಗಿಯೋದು ನನಗೆ ಒಪ್ಪಿಗೆ ಇಲ್ಲ. ಹಳೆಯ ಜವೆ ಎತ್ತರ ಬೆಳೆದು ನೆಲಕ್ಕೆ ಬೀಳುತ್ತದೆ, ಇಳುವರಿ ಕಡಿಮೆ, ಕುಟ್ಟುವ ಕೂಲಿ ಬೇರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1009, ಡಿಡಿಕೆ-1029ರಂಥ ಗಿಡ್ಡ ಜವೆ ತಳಿಗಳನ್ನು ತಂದದ್ದು ಸುಮ್ನೆ ಅಲ್ಲ.

ಆದರೂ ಕಪ್ಲಿಯ ಒಂದು ಗುಣ ಹೇಳಲೇಬೇಕು. ಕಾಂಡದ ತುಕ್ಕು ರೋಗ ಗೊತ್ತಲ್ಲ? 1998ರಲ್ಲಿ ಉಗಾಂಡಾದಲ್ಲಿ ಆ ರೋಗ ತರುವ ಶಿಲೀಂಧ್ರದ ಹೊಸ ರೂಪವೊಂದು ಸಿಕ್ಕಿತು. ಯುಜಿ-99 ಅಂತ ಹೆಸರಾಯಿತು. ಅದಕ್ಕೆ ಬಹಳಷ್ಟು ಸುಧಾರಿತ ತಳಿಗಳು ಸೋತವು. ಅದರ ಎದುರು ನಿಲ್ಲುವ ಜೀನುಗಳಲ್ಲಿ ಎಸ್‌ಆರ್-13 ಒಂದು. ಆ ಜೀನ್ ಇರುವ ಗೋಧಿಗಳ ಪಟ್ಟಿಯಲ್ಲಿ ‘ಖಪ್ಲಿ’ ಅನ್ನೋ ಹೆಸರೂ ಇದೆ.

ತೆನೆ ಈಗ ಯಾರ ಹತ್ತಿರ ಇದೆ? ಒಂದಾದರೂ ಕಾಳು ಬಿಡಿಸಿದಿರಾ?