ಸೊಂಟ ನೋವಿಗೆ ಕಾಲಿನ ಹೆಬ್ಬೆರಳು ನೋಡುವುದೇಕೆ?

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಸೊಂಟ ನೋವೆಂದು ಬರುವವರು ಜಾಸ್ತಿ. ಬಂದವರನ್ನು ಮಲಗಿಸುವ ಮೊದಲು ಚಪ್ಪಲಿ ಬಿಡಿಸಿ ನಾಲ್ಕು ಹೆಜ್ಜೆ ನಡೆಸುತ್ತೇನೆ. "ನೋವು ಕಾಲಲ್ಲಲ್ಲ ಡಾಕ್ಟ್ರೇ, ಇಲ್ಲಿ" ಎಂದು ಸೊಂಟ ಮುಟ್ಟಿ ತೋರಿಸುತ್ತಾರೆ. ನನ್ನ ಕಣ್ಣು ಅವರ ಹೆಬ್ಬೆರಳಿನ ಮೇಲಿರುತ್ತದೆ.

ಒಂದು ಪಾದದಲ್ಲಿ 26 ಎಲುಬು, 33 ಕೀಲು. ಹಿಮ್ಮಡಿ ಊರಿದಾಗ ಈ ಕೀಲುಗಳು ಸಡಿಲಗೊಂಡು, ಕಲ್ಲು ಸಿಗಲಿ ಬೇರು ಸಿಗಲಿ, ನೆಲಕ್ಕೆ ಒಗ್ಗಿಕೊಳ್ಳುತ್ತವೆ. ಮೈಯನ್ನು ಮುಂದಕ್ಕೆ ನೂಕುವ ಹೊತ್ತಿಗೆ ಅದೇ ಪಾದ ಗಟ್ಟಿಯಾಗಬೇಕು. ಹೇಗೆ? ಕೂತಲ್ಲೇ ನೋಡಿ. ಪಾದ ನೆಲದ ಮೇಲಿರಲಿ, ಹೆಬ್ಬೆರಳನ್ನಷ್ಟೇ ಕೈಯಿಂದ ಮೇಲೆತ್ತಿ. ಅಂಗಾಲಿನ ಒಳಕಮಾನು ತಾನಾಗಿ ಏಳುತ್ತದೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ದಪ್ಪ ಪಟ್ಟಿಯೊಂದಿದೆ. ಬೆರಳು ಎದ್ದಾಗ ಅದು ಗಡಗಡೆಗೆ ಸುತ್ತಿದ ಹಗ್ಗದ ಹಾಗೆ ಬಿಗಿಯುತ್ತದೆ. ನಡೆಯುವಾಗ ಹಿಮ್ಮಡಿ ಎದ್ದರೂ ಬೆರಳು ಹೀಗೇ ಮೇಲಕ್ಕೆ ಬಗ್ಗಿ ಪಾದ ಗಟ್ಟಿಯಾಗುತ್ತದೆ. ಹಿಕ್ಸ್ ಎಂಬುವರು 1954ರಲ್ಲೇ ಇದನ್ನು ವಿವರಿಸಿದ್ದರು.

ಈಗ ಅಂಗಳಕ್ಕೆ ಬನ್ನಿ. ಪಾಚಿ ಕಟ್ಟಿದೆ, ಅಡಿಕೆ ದಬ್ಬೆ ಹಾಸಿದ್ದೀರಿ, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಜಾರಬಾರದೆಂದು ಬೆರಳು ಮುದುಡಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತೀರಿ. ಅಲ್ಲಿ ಅದೇ ಸರಿ, ಬಿದ್ದು ಮೂಳೆ ಮುರಿಯುವುದಕ್ಕಿಂತ ಲೇಸು. ಆದರೆ ಟಾರು ರಸ್ತೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಹೆಬ್ಬೆರಳು ಮೇಲಕ್ಕೆ ಬಗ್ಗದು, ತೊಡೆ ಹಿಂದಕ್ಕೆ ಪೂರ್ತಿ ಚಾಚದು, ಕೈ ಬೀಸುವುದೂ ಕಡಿಮೆ. ಆರಾಮಾಗಿ ನಡೆಯುವಾಗ ಸೊಂಟ ಒಂದು ಕಡೆ ತಿರುಗಿದರೆ ಎದೆಗೂಡು ಇನ್ನೊಂದು ಕಡೆ ತಿರುಗುತ್ತದೆ. ಆ ಲಯ ತಪ್ಪಿದರೆ ಬೆನ್ನಿನ ಸ್ನಾಯುಗಳಿಗೆ ಬಿಡುವಿಲ್ಲ. ಹಾಗಂತ ಸೊಂಟ ನೋವೆಲ್ಲ ಪಾದದಿಂದಲೇ ಎನ್ನುವವರ ಮಾತನ್ನೂ ನಂಬಬೇಡಿ.

ಇನ್ನು ಸೊಪ್ಪಿನ ಹೊರೆ. ಸೊಂಟದ ಐದು ಕಶೇರುಮಣಿಗಳ ಕೀಲುಗಳು ಬಾಗುವುದಕ್ಕೆ ಹೇಳಿಮಾಡಿಸಿದಂತಿವೆ, ತಿರುಗುವುದಕ್ಕಲ್ಲ. ಎಲ್ಲ ಸೇರಿ ಒಂದು ಕಡೆಗೆ ತಿರುಗುವುದು ಸುಮಾರು 10 ಡಿಗ್ರಿ. ಬಗ್ಗಿ ಹೊರೆ ಎತ್ತಿ, ಕಾಲು ಕೀಳದೆ ಮೈ ತಿರುಚಿದರೆ ಪೆಟ್ಟು ಮಣಿಗಳ ನಡುವಿನ ಮೆತ್ತೆಗೆ, ಅಂದರೆ ಡಿಸ್ಕಿಗೆ. ಮೊದಲು ಪಾದ ತಿರುಗಲಿ.

ನೋವು ಮೊಣಕಾಲು ದಾಟಿ ಪಾದಕ್ಕಿಳಿದು, ಹೆಬ್ಬೆರಳು ಮೇಲೆತ್ತಲು ಶಕ್ತಿ ಸಾಲದೆ ಹೋದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ನರಕ್ಕೆ ಒತ್ತಡ ಬಿದ್ದಿರಬಹುದು, ವೈದ್ಯರಿಗೆ ತೋರಿಸಿ. ಅದರ ಜೊತೆಗೆ ಮೂತ್ರವೂ ಕಟ್ಟಿತೆಂದರೆ ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಗಾಡಿ ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಡಿ.

ನಮಸ್ಕಾರ.