ಒದ್ದೆ ಮಾಡಿ ನೋಡಿ, ಹೊತ್ತು ನೋಡಿ, ದಣಿದು ನೋಡಿ

ಎಲ್ಲರಿಗೂ ನಮಸ್ಕಾರ.

ಬೆಟ್ಟದ ದಾರಿ, ಕಾಡುದಾರಿಯಲ್ಲಿ ದೂರ ಓಡುವವರು ಸಾಮಾನು ಹೇಗೆ ಆರಿಸಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಇರೋ ಸಮಯ ಕಡಿಮೆ, ಸುತ್ತಿ ಬಳಸಿ ಹೇಳಲು ಆಗುವುದಿಲ್ಲ.

ಈಗ ಕೇಳುತ್ತಿರುವ ನೀವು ಯಾರು ಅಂತ ನನಗೊಂದು ಅಂದಾಜಿದೆ. ರಸ್ತೆಯಲ್ಲಿ 10 ಕಿಲೋಮೀಟರ್ ಓಡಿದ್ದೀರಿ, 21 ಓಡಿದ್ದೀರಿ. ಮಣ್ಣಿನ ದಾರಿಯ ರುಚಿ ಹತ್ತಿದೆ. ಮೊದಲ 50 ಕಿಲೋಮೀಟರ್ ಟ್ರೇಲ್ ಓಟಕ್ಕೆ ಹೆಸರು ಕೊಟ್ಟಾಗಿದೆ. ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದು ಒಂದಾದ ಮೇಲೊಂದು ಶೂ ನೋಡುತ್ತಾ ಕೂತಿದ್ದೀರಿ, ಅಲ್ವಾ? ನನ್ನ ಹತ್ತಿರ ಬರುವವರೆಲ್ಲ ಕೇಳುವುದು ಒಂದೇ, ಯಾವ ಕಂಪನಿದು ತಗೊಳ್ಳಲಿ ಅಂತ.

ಆ ಪ್ರಶ್ನೆ ಬಿಡಿ. ನಿಜವಾಗಿ ಬಿಡಿ. ನಾನು ವಾಪಸ್ ಕೇಳುವುದು ಮೂರೇ ಮಾತು. ಒದ್ದೆ ಮಾಡಿ ನೋಡಿದ್ರಾ? ಪೂರ್ತಿ ತುಂಬಿ ಹೊತ್ತು ನೋಡಿದ್ರಾ? ಕಾಲು ಸೋತ ಮೇಲೆ ಹಾಕಿಕೊಂಡು ಓಡಿ ನೋಡಿದ್ರಾ? ಈ ಮೂರಕ್ಕೂ ಹೌದು ಅನ್ನೋವರೆಗೆ ಆ ಸಾಮಾನು ನಿಮ್ಮದಲ್ಲ, ಸುಮ್ನೆ ನಿಮ್ಮ ಮನೆಯಲ್ಲಿದೆ ಅಷ್ಟೇ.

ಯಾಕೆ ಅಂದರೆ ಯಾವ ಸಾಮಾನೂ ಮೊದಲ ಗಂಟೆಯಲ್ಲಿ ಕೈ ಕೊಡುವುದಿಲ್ಲ. ಅಂಗಡಿಯ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಎಲ್ಲ ಶೂ ಚೆನ್ನಾಗೇ ಇರುತ್ತದೆ. ಕೈ ಕೊಡುವುದು ಆರನೇ ಗಂಟೆಯಲ್ಲಿ. ಅಷ್ಟು ಹೊತ್ತಿಗೆ ಪಾದ ಊದಿರುತ್ತದೆ, ಸಾಕ್ಸ್ ನೆಂದಿರುತ್ತದೆ, ನೀವು ಬಾಗಿ ಓಡುತ್ತಿರುತ್ತೀರಿ, ಬೆನ್ನ ಮೇಲಿನ ಭಾರ ಬೇರೆ ಕಡೆ ಒತ್ತಲು ಶುರು ಮಾಡಿರುತ್ತದೆ.

ಶೂನಿಂದ ಶುರು ಮಾಡೋಣ. ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದಿರುತ್ತದೆ, ಹಾಗಾಗಿ ಸಂಜೆಯೇ ಹೋಗಿ ಹಾಕಿ ನೋಡಿ. ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲದಷ್ಟು ಜಾಗ ಇರಲೇಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುತ್ತದೆ, ಜಾಗ ಇಲ್ಲದಿದ್ದರೆ ಉಗುರು ಹೋಗಿ ಹೋಗಿ ಶೂನ ಮೂತಿಗೆ ಬಡಿಯುತ್ತದೆ, ಮಾರನೇ ದಿನ ಕಪ್ಪಗಾಗಿರುತ್ತದೆ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಜೋರಾಗಿ ಇಳಿದು ನೋಡಿ.

ಅಡಿಯಲ್ಲಿರುವ ಹಲ್ಲುಗಳನ್ನು ನೋಡಿ. ಗಟ್ಟಿ ನೆಲ, ಒಣ ದಾರಿಗೆ 3–4 ಮಿಲಿಮೀಟರ್ ಸಾಕು. ಕೆಸರಿಗೆ 5–6 ಮಿಲಿಮೀಟರ್, ಇನ್ನೂ ಜಾಸ್ತಿಯೂ ಬೇಕಾಗಬಹುದು. ಆದರೆ ಒದ್ದೆ ಬಂಡೆಯ ಮೇಲೆ ಹಿಡಿತ ಕೊಡುವುದು ಹಲ್ಲಿನ ಉದ್ದ ಅಲ್ಲ, ರಬ್ಬರಿನ ಮೆದುತನ. ಅದು ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಕಲ್ಲಿನ ಮೇಲೆ ನಿಂತರೇ ಗೊತ್ತಾಗುವುದು. ಇನ್ನು ಹಿಮ್ಮಡಿಗೂ ಬೆರಳಿನ ಕಡೆಗೂ ಎತ್ತರದ ವ್ಯತ್ಯಾಸ ಇರುತ್ತದೆ, ಅದಕ್ಕೆ ಡ್ರಾಪ್ ಅನ್ನುತ್ತಾರೆ. ಇಷ್ಟು ದಿನ 10 ಮಿಲಿಮೀಟರ್ ಡ್ರಾಪಿನಲ್ಲಿ ಓಡಿದವರು ಒಮ್ಮೆಲೇ ಸೊನ್ನೆಗೆ ಬಂದರೆ ಮೀನಖಂಡ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎರಡೂ ಜಗ್ಗುತ್ತವೆ. ವಾರಗಟ್ಟಲೆ ಸಮಯ ಕೊಟ್ಟು ಬದಲಾಯಿಸಿ.

ಮನೆಗೆ ತಂದ ಮೇಲೆ ಏನು ಮಾಡಬೇಕು? ಹೊಸ ಶೂ ಒಳಗೆ ಒಂದು ಚೊಂಬು ನೀರು ಸುರಿಯಿರಿ. ಮುಖ ಸಿಂಡರಿಸಬೇಡಿ, ಸುರಿಯಿರಿ. ಹಾಗೇ ಒಂದು ಗಂಟೆ ಓಡಿ. ಒಳ್ಳೆಯ ಶೂ ಹತ್ತು ನಿಮಿಷದಲ್ಲಿ ನೀರು ಹೊರಗೆ ಹಾಕಿಬಿಡುತ್ತದೆ, ಕಚಪಚ ಶಬ್ದ ನಿಲ್ಲುತ್ತದೆ. ನೀರು ಒಳಗೇ ಬರುವುದಿಲ್ಲ ಅಂತ ಮಾರುವ ಶೂ ಇವೆಯಲ್ಲ, ಅವುಗಳಲ್ಲಿ ಹಳ್ಳ ದಾಟುವಾಗ ಕಾಲಿನ ಕಡೆಯಿಂದ ನೀರು ನುಗ್ಗುತ್ತದೆ, ನುಗ್ಗಿದ್ದು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ದೂರದ ಓಟಕ್ಕೆ ನಾನಂತೂ ಅವನ್ನು ಹಾಕುವುದಿಲ್ಲ.

ಹತ್ತಿ ಸಾಕ್ಸ್ ಬೇಡ. ಹತ್ತಿ ನೀರು ಹೀರಿ ಇಟ್ಟುಕೊಳ್ಳುತ್ತದೆ. ಬೊಬ್ಬೆ ಬರುವುದು ಬರೀ ಉಜ್ಜುವುದರಿಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ನಿಜವಾಗಿ ಆಗುವುದೇ ಬೇರೆ. ಒದ್ದೆ ಚರ್ಮ ಒದ್ದೆ ಸಾಕ್ಸಿಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ. ನಡುವೆ ಸಿಕ್ಕ ಚರ್ಮದ ಪದರ ಎಳೆದಾಡಿ ಕಿತ್ತುಕೊಂಡು ಅಲ್ಲಿ ನೀರು ತುಂಬುತ್ತದೆ. ಅದಕ್ಕೇ ಉಣ್ಣೆ ಅಥವಾ ಸಿಂಥೆಟಿಕ್ ಸಾಕ್ಸ್ ತಗೊಳ್ಳಿ. ತಗೊಂಡು ಅದನ್ನೂ ಒದ್ದೆ ಮಾಡಿ ನೋಡಿ.

ಇನ್ನು ವೆಸ್ಟ್, ಅಂದರೆ ನೀರು, ಸಾಮಾನು ಹೊರಲು ಬೆನ್ನಿಗೆ ಹಾಕುವ, ಜೇಬುಗಳಿರುವ ಚೀಲ. ಖಾಲಿ ವೆಸ್ಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಎರಡು ಜೇಬಿಗೆ ಅರ್ಧ ಅರ್ಧ ಲೀಟರಿನ ಫ್ಲಾಸ್ಕ್, ಅಂದರೆ ಹಿಂಡಿದರೆ ಕುಗ್ಗುವ ಮೆತ್ತನೆ ಬಾಟಲಿ, ನೀರು ತುಂಬಿ ಇಡಿ. ಅಲ್ಲಿಗೆ ಎದೆಯ ಮೇಲೆ ಒಂದು ಕಿಲೋ ಆಯಿತು. ಹಿಂದೆ ಜಾಕೆಟ್, ತಿನ್ನುವ ಸಾಮಾನು, ದೀಪ ಎಲ್ಲ ತುಂಬಿ. ಈಗ ಓಡಿ, ಅದೂ ಮೂರು ಗಂಟೆ. ಸ್ನಾನಕ್ಕೆ ಹೋದಾಗ ಎಲ್ಲಿ ಉರಿಯುತ್ತದೋ ನೋಡಿಕೊಳ್ಳಿ. ಕುತ್ತಿಗೆ ಬುಡ, ಕಂಕುಳು, ಪಕ್ಕೆಲುಬು. ನೀರು ಮೈಗೆ ಬಿದ್ದ ಕೂಡಲೇ ನಿಮ್ಮ ವೆಸ್ಟಿನ ದೋಷ ಎಲ್ಲಿದೆ ಅಂತ ಚರ್ಮವೇ ಹೇಳುತ್ತದೆ. ಫ್ಲಾಸ್ಕ್ ತುಂಬಿದ ಮೇಲೆ ನೆಟ್ಟಗೆ ಹಿಡಿದು ಒಳಗಿನ ಗಾಳಿಯನ್ನು ಬಾಯಿಂದ ಹೀರಿ ತೆಗೆಯಿರಿ, ಕುಲುಕುವ ಸದ್ದು ನಿಲ್ಲುತ್ತದೆ.

ಈಗ ಜಾಕೆಟ್. ಇದರ ಬಗ್ಗೆ ನನ್ನದೇ ಒಂದು ಅನುಭವ ಹೇಳಬೇಕು.

ಅದೊಂದು 100 ಕಿಲೋಮೀಟರ್ ಓಟ. ಜಾಕೆಟ್ ಆರಿಸಲು ನಾನು ಒಂದು ತಿಂಗಳು ತಗೊಂಡಿದ್ದೆ. ಹಗುರ, ಮುಷ್ಟಿಯಷ್ಟು ಸಣ್ಣಗೆ ಮಡಚಬಹುದು. ನೀರು ತಡೆಯುವ ಲೆಕ್ಕ 10,000 ಮಿಲಿಮೀಟರ್. ಅಂದರೆ ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಒಳಗೆ ಒಸರಬಾರದು. ಹೊಲಿಗೆಗಳ ಮೇಲೆಲ್ಲ ಟೇಪ್ ಇತ್ತು. ಮನೆಯಲ್ಲಿ ಹಾಕಿ ನೋಡಿದ್ದೆ, ಸರಿಯಾಗಿತ್ತು. ಮಡಚಿ ವೆಸ್ಟಿನ ತಳಕ್ಕೆ ಹಾಕಿದೆ. ಮಳೆ ಬರುವ ಲಕ್ಷಣ ಇರಲಿಲ್ಲ.

ಸುಮಾರು 70 ಕಿಲೋಮೀಟರ್ ಆಗಿತ್ತು, ರಾತ್ರಿ, ಬೆಟ್ಟದ ನೆತ್ತಿಯ ಮೇಲೆ ಓಡುತ್ತಿದ್ದೆ. ಮೊದಲು ಗಾಳಿ ಬಂತು. ಹಿಂದೆಯೇ ಮಳೆ, ಅದೂ ಅಡ್ಡಡ್ಡ. ಮುಂದಿನ ತಿರುವಿನಲ್ಲಿ ಮರೆ ಸಿಗುತ್ತದೆ, ಅಲ್ಲಿ ಹಾಕಿಕೊಂಡರಾಯಿತು ಅಂತ ಐದು ನಿಮಿಷ ಓಡಿದೆ. ಆ ಐದು ನಿಮಿಷದಲ್ಲಿ ಅಂಗಿ ಪೂರ್ತಿ ನೆಂದು ಮೈಗೆ ಅಂಟಿತು. ನಿಂತು ವೆಸ್ಟ್ ಬಿಚ್ಚಬೇಕು. ಬಿಚ್ಚಲು ಎದೆ ಮೇಲಿನ ಎರಡು ಕೊಂಡಿ ತೆಗೆಯಬೇಕು. ಬೆರಳು ಮರಗಟ್ಟಿವೆ. ಕೊಂಡಿ ಒತ್ತುತ್ತಿದ್ದೇನೋ ಇಲ್ಲವೋ ಅಂತಲೇ ಗೊತ್ತಾಗುತ್ತಿಲ್ಲ. ಅಂಗೈ ಬುಡದಿಂದ ಒತ್ತಿ ಹೇಗೋ ತೆಗೆದೆ. ಜಾಕೆಟ್ ತಳದಲ್ಲಿದೆ, ಅದರ ಮೇಲೆ ತಿಂಡಿ, ಬ್ಯಾಟರಿ, ಒಣ ಸಾಕ್ಸ್. ಎಲ್ಲವನ್ನೂ ಕಲ್ಲಿನ ಮೇಲೆ ಇಟ್ಟೆ. ಸಾಕ್ಸ್ ಗಾಳಿಗೆ ಹಾರಿ ಹೋಯಿತು. ಜಾಕೆಟ್ ತೋಳಿನೊಳಗೆ ಒದ್ದೆ ಕೈ ತೂರಿಸಿದರೆ ಅರ್ಧಕ್ಕೇ ಅಂಟಿಕೊಂಡು ನಿಂತಿತು. ಒಣ ಕೈಗೆ ಸಲೀಸಾಗಿ ಜಾರುತ್ತಿದ್ದ ಬಟ್ಟೆ ಅದು. ಕೊನೆಗೆ ಎರಡೂ ತೋಳು ಹಾಕಿದೆ, ಜಿಪ್ ಎಳೆಯಬೇಕು. ಹಗುರವಾಗಲಿ ಅಂತ ಜಿಪ್ಪಿನ ತುದಿಯನ್ನು ಅಕ್ಕಿಕಾಳಿನಷ್ಟು ಮಾಡಿದ್ದರು. ಅಂಗಡಿಯಲ್ಲಿ ಅದನ್ನೇ ನಾನು ಮೆಚ್ಚಿಕೊಂಡಿದ್ದೆ. ಈಗ ಬೆರಳಿಗೆ ಅದು ಸಿಗುತ್ತಲೇ ಇಲ್ಲ. ಹಲ್ಲು ಕಟಕಟ ಅನ್ನುತ್ತಿದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ದೀಪ ಬಂತು. ನನಗಿಂತ ವಯಸ್ಸಾದ ಹೆಂಗಸು. ಏನಾಯಿತು ಅಂತಲೂ ಕೇಳಲಿಲ್ಲ. ಬಗ್ಗಿ, ಜಿಪ್ಪಿನ ತುದಿ ಹಲ್ಲಿನಲ್ಲಿ ಕಚ್ಚಿ, ಕುತ್ತಿಗೆಯವರೆಗೆ ಎಳೆದರು. ಜಾಕೆಟ್ಟಿನ ಟೋಪಿ ತಲೆ ಮೇಲೆ ಹಾಕಿದರು. ನನ್ನ ಸಾಮಾನನ್ನು ವೆಸ್ಟಿಗೆ ತುರುಕಿದರು. ಆಮೇಲೆ ನನ್ನ ದೀಪದ ಬೆಳಕಿನಲ್ಲಿ ಅವರ ಜಾಕೆಟ್ ನೋಡಿದೆ. ಒಂದೊಂದು ಜಿಪ್ಪಿಗೂ ಹಳೆ ಶೂ ಲೇಸಿನ ತುಂಡು ಕಟ್ಟಿ, ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಮಾಡಿದ್ದರು. ಅವರ ಜಾಕೆಟ್ ಹೆಗಲ ಹತ್ತಿರ ಬಣ್ಣ ಹೋಗಿತ್ತು, ಬಹಳ ಹಳೆಯದು. ನಡಿ, ನಿಲ್ಲಬೇಡ ಅಂತ ಹೇಳಿ ಹೊರಟೇ ಬಿಟ್ಟರು.

ಮನೆಗೆ ಬಂದ ಮೇಲೆ ನಾನು ಒಂದು ಪರೀಕ್ಷೆ ಮಾಡಿಕೊಂಡೆ, ಈಗ ನನ್ನ ಹತ್ತಿರ ಬರುವ ಎಲ್ಲರ ಕೈಯಲ್ಲೂ ಮಾಡಿಸುತ್ತೇನೆ. ಒಂದು ಬಕೆಟ್ ನೀರಿಗೆ ಐಸ್ ಹಾಕಿ. ಅಂಗಿ ಒದ್ದೆ ಮಾಡಿ ಹಾಕಿಕೊಳ್ಳಿ, ಮೇಲೆ ತುಂಬಿದ ವೆಸ್ಟ್. ಎರಡೂ ಕೈ 2 ನಿಮಿಷ ನೀರಿನಲ್ಲಿ ಮುಳುಗಿಸಿ. ಲೈಟ್ ಆರಿಸಿ. ಈಗ ಜಾಕೆಟ್ ತೆಗೆದು ಹಾಕಿ, ಜಿಪ್ ಎಳೆದು, ಟೋಪಿ ಹಾಕಿ, ವೆಸ್ಟ್ ಮತ್ತೆ ಕಟ್ಟಿಕೊಳ್ಳಿ. ಒಂದು ನಿಮಿಷದೊಳಗೆ ಆಗದಿದ್ದರೆ ಎಲ್ಲಿ ತಡವಾಯಿತು ನೋಡಿ, ಅದನ್ನು ಸರಿ ಮಾಡಿ, ಮತ್ತೆ ಕೈ ಮುಳುಗಿಸಿ. ಜಾಕೆಟ್ ಮೇಲೆ ವೆಸ್ಟ್ ಕಟ್ಟಲು ಪಟ್ಟಿ ಸಾಲುವುದಿಲ್ಲ ಅಂತ ಬಹಳ ಜನರಿಗೆ ಗೊತ್ತಾಗುವುದೇ ಆಗ.

ಇನ್ನೊಂದು. ತಿಳಿ ಬೂದು ಬಣ್ಣದ ಹತ್ತಿ ಅಂಗಿ ಹಾಕಿ, ಮೇಲೆ ಜಾಕೆಟ್, ಅದರ ಮೇಲೆ ವೆಸ್ಟ್ ಹಾಕಿ ಕಾಲು ಗಂಟೆ ಷವರ್ ಕೆಳಗೆ ನಿಲ್ಲಿ. ಆಮೇಲೆ ಬಿಚ್ಚಿ ನೋಡಿ. ಅಂಗಿ ಎಲ್ಲಿ ಕಡು ಬಣ್ಣಕ್ಕೆ ತಿರುಗಿದೆಯೋ ಅಲ್ಲಿ ಸೋರುತ್ತಿದೆ. ಸಾಮಾನ್ಯವಾಗಿ ವೆಸ್ಟಿನ ಪಟ್ಟಿ ಒತ್ತುವ ಹೆಗಲಿನಲ್ಲೇ ಇರುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಒಂದು ಮಾತು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೆಯಿತು. 172 ಜನ ಹೊರಟಿದ್ದರು. ಮಧ್ಯಾಹ್ನದ ಹೊತ್ತಿಗೆ ಎತ್ತರದ ಜಾಗದಲ್ಲಿ ಬಿರುಗಾಳಿ, ಕೊರೆಯುವ ಮಳೆ, ಆಲಿಕಲ್ಲು. ಗಾಳಿ ತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. 21 ಜನ ತೀರಿಕೊಂಡರು, ಒಳ್ಳೊಳ್ಳೆ ಅನುಭವಿಗಳು ಅವರಲ್ಲಿದ್ದರು. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬರು ಆರು ಜನರನ್ನು ಗುಹೆಗೆ ಕರೆದುಕೊಂಡು ಹೋಗಿ ಬೆಂಕಿ ಹಾಕಿ ಉಳಿಸಿದರು. 2003ರಿಂದ ಯುರೋಪಿನ ಮೌಂಟ್ ಬ್ಲಾಂಕ್ ಬೆಟ್ಟದ ಸುತ್ತ ನಡೆಯುವ ಓಟ ಇದೆಯಲ್ಲ, ಅಲ್ಲಿ ಬಿಸಿಲಿದ್ದರೂ ಟೋಪಿ ಇರುವ, ಹೊಲಿಗೆ ಮುಚ್ಚಿದ ಜಾಕೆಟ್ ಹೊತ್ತೇ ಓಡಬೇಕು. ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನೋಡಬೇಡಿ. ಹೊತ್ತುಕೊಳ್ಳಿ. ಹೊತ್ತುಕೊಂಡಿದ್ದನ್ನು ಚಳಿಗಟ್ಟಿದ ಕೈಯಲ್ಲಿ ಹಾಕಲು ಕಲಿಯಿರಿ.

ಸಮಯ ಮುಗಿಯುತ್ತಾ ಬಂತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಊರುಗೋಲು. ಕಾರ್ಬನ್ ಹಗುರ, ಆದರೆ ಮುರಿದರೆ ಪಟ್ ಅಂತ ಎರಡು ತುಂಡು. ಅಲ್ಯೂಮಿನಿಯಂ ಸ್ವಲ್ಪ ಭಾರ, ಬಗ್ಗಿದರೂ ಊರಿಕೊಂಡು ಮನೆ ಸೇರಬಹುದು. ಯಾವುದೇ ತಗೊಳ್ಳಿ, ನಿಲ್ಲದೆ ನಡೆಯುತ್ತಲೇ ಮಡಚಿ ವೆಸ್ಟಿಗೆ ಸಿಕ್ಕಿಸಲು ಬರಬೇಕು. ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಓಟದ ದಿನಕ್ಕೆ ಅದು ತೀರಾ ಹೊಸದೂ ಇರಬಾರದು, ಸವೆದದ್ದೂ ಇರಬಾರದು. 60–80 ಕಿಲೋಮೀಟರ್ ಓಡಿದ್ದು ನನಗೆ ಸರಿ ಅನಿಸುತ್ತದೆ.

ಹೆಡ್‌ಲ್ಯಾಂಪ್ ಡಬ್ಬಿಯ ಮೇಲೆ ಇಷ್ಟು ಗಂಟೆ ಉರಿಯುತ್ತದೆ ಅಂತ ಬರೆದಿರುತ್ತಾರೆ. ಆ ಲೆಕ್ಕದ ರೂಢಿ ಏನು ಗೊತ್ತಾ? ಬೆಳಕು ಶುರುವಿನಲ್ಲಿ ಇದ್ದದ್ದರ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಗಂಟೆಗಳನ್ನೆಲ್ಲ ಸೇರಿಸುತ್ತಾರೆ. ಆ ಬೆಳಕಿನಲ್ಲಿ ಕಲ್ಲುದಾರಿ ಇಳಿಯಲು ಆಗುವುದಿಲ್ಲ. ಚಳಿಯಲ್ಲಂತೂ ಬ್ಯಾಟರಿ ಇನ್ನೂ ಬೇಗ ಕುಸಿಯುತ್ತದೆ. ಹಾಗಾಗಿ ಇವತ್ತು ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿ, ನೀವು ಓಡುವ ಬೆಳಕಿಗೆ ಇಟ್ಟು, ಕತ್ತಲೆ ಕೋಣೆಯಲ್ಲಿ ಗೋಡೆಗೆ ತಿರುಗಿಸಿ ಹಚ್ಚಿ. ಗಂಟೆಗೊಂದು ಸಲ ಹೋಗಿ ನೋಡಿ. ಗೋಡೆ ಮೇಲಿನ ಬೆಳಕು ಮಂಕಾಯಿತು ಅನಿಸಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ದೀಪದ ಪಟ್ಟಿಗೇ ಅಂಟಿಸಿಬಿಡಿ.

ನಮಸ್ಕಾರ.